ವಾಯರಿಗೆ ಕಟ್ಟಿದ ಗಂಟೆ

ನಮ್ಮ ಪ್ರೆಸ್ಸಿನ ಹಿಂದಿನ ಕೋಣೆಗೆ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ. "ಬಾನು ಮೇಡಂ, ನೆಟ್‌ವರ್ಕ್ ವಾಯರಿಗೆ ಗಂಟಿ ಯಾಕ ಕಟ್ಟೀರಿ?" ಗೋಡೆಯಿಂದ ಹೊರಬಂದು ಪ್ರಿಂಟರಿಗೆ ಹೋಗುವ ನೀಲಿ ವಾಯರು, ಅದಕ್ಕೆ ಜೋತುಬಿದ್ದ ಲಿಂಬೆಹಣ್ಣಿನ ಗಾತ್ರದ ಹಿತ್ತಾಳೆ ಗಂಟೆ. ಕೇಳಿದವರ ಮುಖ ನೋಡಿ ನಾನು ಉತ್ತರ ಕೊಡುತ್ತೇನೆ. ಅವಸರದಲ್ಲಿರುವವರಿಗೆ "ದೃಷ್ಟಿ ಆಗಬಾರ್ದು ಅಂತ್ರೀ" ಎನ್ನುತ್ತೇನೆ. ಬಿಡುವಾಗಿ ಬಂದವರಿಗೆ "ಫೈಲ್ ಬಂದ್ರ ಗೊತ್ತಾಗ್ಲಿ ಅಂತ್ರೀ" ಎನ್ನುತ್ತೇನೆ. ಬಳಗಾನೂರಿನ ಝೆರಾಕ್ಸ್ ಅಂಗಡಿಯವರೊಬ್ಬರು ಇದನ್ನು ನಂಬಿ, ಅಂಥ ಗಂಟೆ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಂಡೂ ಹೋದರು. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಏಕೆಂದರೆ ಈ ಗಂಟೆಯ ಕಥೆಯಲ್ಲಿ ಗೆದ್ದವಳು ನಾನು, ಮತ್ತು ಗೆದ್ದ ಕಥೆಯನ್ನು ಚುಟುಕಾಗಿ ಹೇಳಿ ಮುಗಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ನಮ್ಮದು ಮಸ್ಕಿಯ ಹಳೆಯ ಓಣಿಯಲ್ಲಿರುವ ಪ್ರೆಸ್ಸು. ಬೀದಿಗೆ ಮುಂದಿನ ಕೋಣೆ, ಅದರ ಹಿಂದೆ ಮಷೀನಿನ ಕೋಣೆ, ಅದಕ್ಕೆ ಅಂಟಿಕೊಂಡೇ ಅಡುಗೆಮನೆ, ಆಚೆಗೆ ನಮ್ಮ ಮನೆ. ಮುಂದಿನ ಕೋಣೆಗೂ ಮಷೀನಿನ ಕೋಣೆಗೂ ನಡುವೆ ಒಂದು ಕಲ್ಲಿನ ಗೋಡೆಯಿದೆ. ಗೋಡೆ ಎಂದರೆ ನೀವು ನಿಮ್ಮ ಮನೆಯ ಇಟ್ಟಿಗೆ ಗೋಡೆಯನ್ನು ನೆನೆಸಿಕೊಳ್ಳಬೇಡಿ. ಗುಡ್ಡದಿಂದ ತಂದ ಗುಂಡುಕಲ್ಲುಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿದ್ದು. ಅದರ ಗೂಡಿನಲ್ಲಿ ಚಿಕ್ಕಂದಿನಲ್ಲಿ ನಾನು ಕಾಲು ಮಡಚಿ ಕುಳಿತು ಊಟ ಮಾಡುತ್ತಿದ್ದೆ, ತಟ್ಟೆಯ ಸಮೇತ. ಈಗ ಆ ಗೂಡಿನಲ್ಲಿ ನನ್ನ ಒಂದು ಮೊಣಕೈ ಹಿಡಿಯುತ್ತದೆ. ಗೋಡೆ ಸಣ್ಣದಾಗಿದೆ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಪ್ರೆಸ್ಸು ಶುರುಮಾಡಿದವರು ದಾದಾ, ಅಂದರೆ ನಮ್ಮ ಅಬ್ಬಾನ ತಂದೆ. ಅವರ ನಿಯಮ ಒಂದಿತ್ತು: ಅಡುಗೆಮನೆಯಲ್ಲಿ ದಖ್ಖನಿ ಉರ್ದು, ಪ್ರೆಸ್ಸಿನಲ್ಲಿ ಕನ್ನಡ. ಕನ್ನಡದ ಅಚ್ಚುಮೊಳೆ ಜೋಡಿಸುವಾಗ ತಲೆಯಲ್ಲಿ ಬೇರೆ ಭಾಷೆ ಓಡಿದರೆ ಒತ್ತಕ್ಷರ ತಪ್ಪುತ್ತದೆ ಎಂಬುದು ಅವರ ನಂಬಿಕೆ. ಇಂದಿಗೂ ನಾವು ಅಣ್ಣತಂಗಿ ಮಷೀನಿನ ಮುಂದೆ ಕನ್ನಡದಲ್ಲಿ ಜಗಳವಾಡಿ, ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ ಅದೇ ಜಗಳವನ್ನು ದಖ್ಖನಿಯಲ್ಲಿ ಮುಂದುವರಿಸುತ್ತೇವೆ.

ದಾದಿಗೆ, ಅಂದರೆ ಅಜ್ಜಿಗೆ, ಮುಂದಿನ ಕೋಣೆಗೆ ಬರುವ ರೂಢಿ ಇರಲಿಲ್ಲ. ಅಲ್ಲಿ ಬೆಳಗಿನಿಂದ ಗಂಡಸರು: ಲಗ್ನಪತ್ರಿಕೆಯವರು, ರಸೀದಿ ಪುಸ್ತಕದವರು, ಉರುಸಿನ ಪೋಸ್ಟರಿನವರು, ಜೊತೆಗೆ ಏನೂ ಅಚ್ಚು ಹಾಕಿಸದೆ ಬರೀ ಪತ್ರಿಕೆ ಓದಲು ಬಂದವರು. ಅವರಿಗೆಲ್ಲ ಚಹ ಬೇಕು. ಅದಕ್ಕೆ ದಾದಾ ಒಂದು ಉಪಾಯ ಮಾಡಿದ್ದರು. ಮುಂದಿನ ಕೋಣೆಯಿಂದ ಒಂದು ಹಗ್ಗ ಹೊರಟು ಗೋಡೆ ದಾಟಿ, ಮಷೀನಿನ ಕೋಣೆಯನ್ನು ಹಾದು ಅಡುಗೆಮನೆಗೆ ಹೋಗುತ್ತಿತ್ತು. ಆ ತುದಿಯಲ್ಲಿ ಹಿತ್ತಾಳೆ ಗಂಟೆ. ಒಂದು ಸಲ ಜಗ್ಗಿದರೆ ಒಂದು ಕಪ್ ಚಹ, ಎರಡು ಸಲ ಜಗ್ಗಿದರೆ ಎರಡು. ಮಕ್ಕಳಾದ ನಾವು ಓಡಿ ಹೋಗಿ ತರುತ್ತಿದ್ದೆವು. ಜಗಳವಾದ ದಿನ ದಾದಿ ಹಗ್ಗದ ತನ್ನ ಕಡೆಯ ತುದಿಯನ್ನು ಗೂಟಕ್ಕೆ ಬಿಗಿದುಬಿಡುತ್ತಿದ್ದಳು. ದಾದಾ ಎಷ್ಟು ಜಗ್ಗಿದರೂ ಗಂಟೆ ಇಲ್ಲ, ಚಹವೂ ಇಲ್ಲ. ಈಗ ಬ್ಯಾಂಕಿನವರು ಸರ್ವರ್ ಡೌನ್ ಎನ್ನುತ್ತಾರಲ್ಲ, ಅದನ್ನು ನಾನು ಲಂಗ ಹಾಕುವ ವಯಸ್ಸಿನಲ್ಲೇ ಕಂಡಿದ್ದೇನೆ.

ಈ ಹಗ್ಗವನ್ನು ಎಲ್ಲರಿಗಿಂತ ಹೆಚ್ಚು ಜಗ್ಗಿದವರು ಸಿದ್ದಪ್ಪ ಮಾಸ್ತರರು. ಶಾಲೆ ಬಿಟ್ಟೊಡನೆ ನಮ್ಮಲ್ಲಿಗೆ ಬಂದು ಪ್ರೂಫ್ ತಿದ್ದುತ್ತಿದ್ದರು. ಬೇರೆ ಗಿರಾಕಿಗಳು ದಾದಾನ ಅನುಮತಿ ಕಾಯುತ್ತಿದ್ದರೆ, ಮಾಸ್ತರರ ಎಡಗೈ ತಾನೇ ಹಗ್ಗಕ್ಕೆ ಹೋಗುತ್ತಿತ್ತು. ಬಲಗೈ ತಪ್ಪು ಅಕ್ಷರಕ್ಕೆ ಸುತ್ತು ಹಾಕುತ್ತಿತ್ತು. ಚಹ ಬಂದಾಗ "ಅಯ್ಯ, ಯಾಕ ತ್ರಾಸ ತಗೊಂಡ್ರಿ" ಎಂದು ತುಂಬ ಸಂಕೋಚಪಡುತ್ತಿದ್ದರು.

ದಾದಾ ಹೋದರು. ಫೋನು ಬಂತು, ಹಗ್ಗ ಜೀರ್ಣವಾಯಿತು, ಅಬ್ಬಾ ಅದನ್ನು ಬಿಚ್ಚಿ ಗಂಟೆಯ ಸಮೇತ ಅಟ್ಟಕ್ಕೆ ಎಸೆದರು. ಮೊಳೆಗಳು ಹೋಗಿ ಕಂಪ್ಯೂಟರ್ ಬಂತು. ಆ ಕಂಪ್ಯೂಟರಿನ ಮುಂದೆ ಕುಳಿತವಳು ನಾನು. ನಮ್ಮ ಮನೆಯ ಹೆಣ್ಣೊಬ್ಬಳು ಮುಂದಿನ ಕೋಣೆಯಲ್ಲಿ, ಬೀದಿಗೆ ಮುಖಮಾಡಿ, ಸ್ವಂತ ಕುರ್ಚಿ ಹಾಕಿಕೊಂಡು ಕುಳಿತದ್ದು ಅದೇ ಮೊದಲು. ದಾದಿ ಆಗ ಇನ್ನೂ ಇದ್ದಳು. ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಮೆಲ್ಲಗೆ ಮುಂದಿನ ಕೋಣೆಗೆ ಬಂದಳು. ನನ್ನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಪ್ರೆಸ್ಸಿನ ನಿಯಮ ನೆನಪಿಟ್ಟುಕೊಂಡು ಕನ್ನಡದಲ್ಲೇ ಅಂದಳು: "ಛಲೋ ಐತಿ. ಇಲ್ಲಿಂದ ಬೀದಿ ಕಾಣತೈತಿ." ಅಷ್ಟೇ. ಆ ಕುರ್ಚಿಯ ಮೇಲೆ ನನಗೆ ಇರುವ ಹಠ ಆವತ್ತು ಹುಟ್ಟಿದ್ದು.

ಇನ್ನು ನೆಟ್‌ವರ್ಕಿನ ಮಾತು. ದೊಡ್ಡ ಡಿಜಿಟಲ್ ಪ್ರಿಂಟರು ತಂದಾಗ ಅದನ್ನು ಹಿಂದಿನ ಕೋಣೆಗೇ ಹಾಕಬೇಕಾಯಿತು. ಬೀದಿಯಲ್ಲಿ ಭತ್ತದ ಲಾರಿಗಳು ಎಬ್ಬಿಸುವ ಧೂಳು ಅದಕ್ಕೆ ಆಗದು. ತಂಪು ಬೇಕು, ಬಾಗಿಲು ಸದಾ ಮುಚ್ಚಿರಬೇಕು. ನಾನು ಮುಂದೆ, ಮಷೀನು ಹಿಂದೆ. ನಡುವೆ ಪೆನ್‌ಡ್ರೈವ್ ಓಡಾಡುತ್ತಿತ್ತು. ಅದನ್ನು ಒಯ್ಯುತ್ತಿದ್ದವರು ಅಬ್ಬಾ. ಒಂದು ಶುಕ್ರವಾರ ಅದು ಅಬ್ಬಾನ ಜೇಬಿನಲ್ಲಿ ಮಸೀದಿಗೆ ಹೋಯಿತು. ಗಿರಾಕಿಗಳು, ಮಷೀನು, ನಾನು ಮೂವರೂ ನಮಾಜು ಮುಗಿಯುವವರೆಗೆ ಕಾದೆವು. ಅಬ್ಬಾ ತಿರುಗಿ ಬಂದವರು ಪೆನ್‌ಡ್ರೈವನ್ನು ನನ್ನ ಕೈಗೆ ಕೊಟ್ಟು, "ಇದು ಇವತ್ತ ಭಾಳ ಪಾಕ್-ಪವಿತ್ರ ಆಗೇತಿ, ಛಲೋ ಪ್ರಿಂಟ್ ಬರತೈತಿ" ಎಂದರು.

ರಫೀಕ್ ಭಾಯಿಗೆ ಅದು ನಗುವ ವಿಷಯವಾಗಿರಲಿಲ್ಲ. ರಫೀಕ್ ಭಾಯಿ ನನ್ನ ಅಣ್ಣ, ಮಷೀನು ಅವನ ಸುಪರ್ದಿ. ಒಳ್ಳೆಯ ಮನುಷ್ಯ, ಆದರೆ ಹೊಸದು ಕಂಡರೆ ಕಣ್ಣು ಮುಚ್ಚಿ ನಂಬುತ್ತಾನೆ. ಸಿಂಧನೂರಿನಿಂದ ವೀರೇಶ ಎಂಬ ಕಂಪ್ಯೂಟರ್ ಅಂಗಡಿಯವನನ್ನು ಕರೆಸಿದ. ವೀರೇಶ ಗೋಡೆಯ ಮೇಲೆ ಬೆರಳಿನಿಂದ ಬಡಿದು ನೋಡಿ, ಬೆರಳು ಜಾಡಿಸಿಕೊಂಡ.

"ವಾಯರ್ ಹಾಕಿಬಿಡೋಣ್ರೀ," ಎಂದೆ ನಾನು.

"ಅಕ್ಕಾರ, ಈಗ ಯಾರ್ ವಾಯರ್ ಹಾಕ್ತಾರ್ರೀ? ಎಲ್ಲಾ ವೈಫೈ. ಒಂದು ಡಬ್ಬಿ ಇಟ್ರ ಮುಗೀತು. ತೂತಿಲ್ಲ, ಮೊಳಿ ಇಲ್ಲ."

"ಕೇಳಿದ್ಯಾ ಬೇ?" ಎಂದ ರಫೀಕ್ ಭಾಯಿ. "ವಾಯರಿನ ಜಮಾನಾ ಹೋತು. ನೀ ಇನ್ನಾ ದಾದಿ ಹಗ್ಗದಾಗs ಅದೀ."

ಡಬ್ಬಿ ಬಂತು. ಬಾಗಿಲು ತೆರೆದಿದ್ದಾಗ ಕೆಲಸ ಮಾಡಿತು. ಬಾಗಿಲು ಮುಚ್ಚಿದೊಡನೆ ಸಿಗ್ನಲ್ ಸತ್ತಿತು. ಬಾಗಿಲು ಮುಚ್ಚದೆ ಮಷೀನು ಓಡಿಸಬಾರದು, ಬಾಗಿಲು ತೆರೆಯದೆ ಫೈಲು ಹೋಗದು. ನಮ್ಮ ದಿನಚರಿ ಹೀಗಾಯಿತು: ನಾನು ಇಲ್ಲಿಂದ "ತಗೀ!" ಎಂದು ಕೂಗಬೇಕು, ಅವನು ಅಲ್ಲಿಂದ "ಬಂತು, ಮುಚ್ಚು!" ಎಂದು ಕೂಗಬೇಕು. ಓಣಿಯವರು ನಾವು ಆಸ್ತಿ ಪಾಲು ಮಾಡಿಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದರಂತೆ.

ಆಗಲೇ ನಾನು ನನ್ನ ಬುದ್ಧಿ ತೋರಿಸಿದ್ದು. ಗೋಡೆ ಕೊರೆಯಲು ಆಗದಿದ್ದರೆ ಏನಾಯಿತು, ಮಾಳಿಗೆಯ ಮೇಲಿಂದ ವಾಯರು ಸುತ್ತಿಸಿ ತರೋಣ ಎಂದೆ. ವೀರೇಶನಿಂದ ಹಾಕಿಸಿಯೂ ಬಿಟ್ಟೆ. ಏನು ವೇಗ, ಏನು ಸುಖ! ಮಷೀನು ಎಲೆ ಉದುರಿಸಿದಂತೆ ಕಾರ್ಡು ಉದುರಿಸಿತು. ಸಂಜೆಗೆ ಗುಡ್ಡದ ಕೋತಿಗಳು ಇಳಿದುಬಂದವು. ಒಂದು ಜೋತಾಡಿತು, ಅದನ್ನು ನೋಡಿ ಇನ್ನೊಂದು ಜೋತಾಡಿತು, ತಾಯಿ ಕೋತಿ ಮರಿಯ ಸಮೇತ ಜೋತಾಡಿತು. ವಾಯರು ಎರಡು ತುಂಡಾಗಿ ಒಂದು ತುಂಡು ಗುಡ್ಡಕ್ಕೆ ಹೋಯಿತು. ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದ ರಫೀಕ್ ಭಾಯಿ ಉಳಿದ ತುಂಡನ್ನು ಅಚ್ಚುಕಟ್ಟಾಗಿ ಸುತ್ತಿ ನನ್ನ ಕೈಗೆ ಕೊಟ್ಟ. ಅವನು ಮಾತಾಡಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಮತ್ತೆ ಡಬ್ಬಿಗೆ ಮರಳಿದೆವು. ಲಗ್ನಗಳ ಕಾಲ ಶುರುವಾಯಿತು. ಲಿಂಗಸುಗೂರಿನಿಂದ ಒಬ್ಬ ಮದುಮಗಳ ತಂದೆ ಮಗಳ ಲಗ್ನಪತ್ರಿಕೆ ಮಾಡಿಸಲು ನಮ್ಮಲ್ಲಿಗೇ ಬಂದಿದ್ದರು, ಅವರ ಲಗ್ನದ ಪತ್ರಿಕೆಯನ್ನೂ ದಾದಾ ಮಾಡಿದ್ದರೆಂಬ ಅಭಿಮಾನಕ್ಕೆ. ಮೊದಲ ಕಟ್ಟು ಒಯ್ದವರು ಮರುದಿನವೇ ಬೈಕ್ ಮೇಲೆ ಧಡಧಡ ಬಂದರು. ಟೇಬಲ್ಲಿನ ಮೇಲೆ ಒಂದು ಕಾರ್ಡು ಇಟ್ಟು ನನ್ನ ಮುಖ ನೋಡಿದರು. ಮೇಲೆ ದೇವರು, ಕೆಳಗೆ ಮದುಮಗಳ ಹೆಸರು, ಅದರ ಕೆಳಗೆ ಬೆಳ್ಳಗೆ ಖಾಲಿ.

"ಮಗಳ ಹೆಸರು ಭಾಳ ಛಂದ ಬಂದೈತಿ ಬಾಯಾರ," ಎಂದರು. "ಆದ್ರ ವರನ್ನ ಎಲ್ಲಿ ಬಿಟ್ರಿ?"

ಯಾರೋ ನಡುವೆ ಬಾಗಿಲು ಮುಚ್ಚಿದ್ದರು. ವರ ಗೋಡೆಯ ಈಚೆಯೇ ಉಳಿದಿದ್ದ. ಕಟ್ಟಿನಲ್ಲಿ ಅಂಥ ಕಾರ್ಡುಗಳು ಅಲ್ಲಲ್ಲಿ ಸೇರಿಕೊಂಡಿದ್ದವು. ಅವರು ದೊಡ್ಡ ಮನಸ್ಸಿನವರು, ನಕ್ಕರು. "ಬೀಗರಿಗೆ ಮುಟ್ಟೂದ್ರಾಗ ನಾ ನೋಡಿದ್ನಿ, ಬಚಾವಾದ್ನಿ" ಎಂದು, ಎಲ್ಲವನ್ನೂ ಹೊಸದಾಗಿ ಅಚ್ಚು ಹಾಕಿಕೊಡಲು ಹೇಳಿ ಚಹ ಕುಡಿದು ಹೋದರು. ರಫೀಕ್ ಭಾಯಿ ನಗಲಿಲ್ಲ.

"ಸಾಕು," ಎಂದ. "ಈ ಗ್ವಾಡಿ ಜೋಡಿ ನನಗ ಹೆಣಗಾಡಾಕ ಆಗಂಗಿಲ್ಲ. ಸಿಂಧನೂರ ರಸ್ತಾದಾಗ ಹೊಸ ಕಾಂಪ್ಲೆಕ್ಸ್ ಆಗೇತಿ. ಒಂದು ಶಟರಿನ ಅಂಗಡಿ ಹಿಡೀತೀನಿ. ಮಷೀನ್ ಅಲ್ಲಿಗೆ ಒಯ್ಯೂದು."

"ನನ್ನ ಟೇಬಲ್?"

"ಒಂದs ಶಟರ್ ಬಾನು. ಮಷೀನ್ ಇಟ್ರ ಇನ್ನೊಂದು ಕುರ್ಚಿ ಹಿಡಿಯಂಗಿಲ್ಲ. ನೀ ಮನ್ಯಾಗ ಕುಂತು ಡಿಸೈನ್ ಮಾಡಿ ವಾಟ್ಸಾಪ್ ಮಾಡು. ಆರಾಮ ಅಲ್ಲಾ?"

ಅವನು ಪ್ರೀತಿಯಿಂದಲೇ ಹೇಳಿದ. ಅದೇ ತೊಂದರೆ. ಬೈದಿದ್ದರೆ ಬೈದು ತೀರಿಸಿಕೊಳ್ಳುತ್ತಿದ್ದೆ. ನನಗೆ ಮಾತ್ರ ದಾದಿ ಕಣ್ಣೆದುರು ಬಂದಳು. ಗೋಡೆಯ ಹಿಂದೆ ಕುಳಿತು, ಯಾರು ಬಂದರು ಯಾರು ಹೋದರು ಎಂಬುದನ್ನು ಗಂಟೆಯ ಲೆಕ್ಕದಲ್ಲಿ ತಿಳಿದುಕೊಂಡ ದಾದಿ. ಹಗ್ಗದ ಬದಲು ವಾಟ್ಸಾಪು, ಅಷ್ಟೇ ವ್ಯತ್ಯಾಸ. ಎದ್ದು ಹೋಗಿ ಅಡುಗೆಮನೆಯಲ್ಲಿ ಅತ್ತೆ. ನನ್ನ ತಾಯಿ, ಅಮ್ಮಿ, ಉಳ್ಳಾಗಡ್ಡಿ ಹೆಚ್ಚುತ್ತಿದ್ದುದರಿಂದ ಇಬ್ಬರಿಗೂ ಮರ್ಯಾದೆ ಉಳಿಯಿತು.

ಅಬ್ಬಾ ನಡುವೆ ಬಂದು ಒಂದು ಮಾತು ಹೇಳಿದರು. "ಕೊನೀದೊಂದು ಸಲ ವೀರೇಶನ್ನ ಕರ್ಸು. ಆಗ್ಲಿಲ್ಲ ಅಂದ್ರ ಒಯ್ಯಿ." ರಫೀಕ್ ಭಾಯಿ ಒಪ್ಪಿದ. ವೀರೇಶ ಈ ಸಲ ಇನ್ನೂ ದೊಡ್ಡ ಡಬ್ಬಿ ತಂದ. ಅದಕ್ಕೆ ಎಲ್ಲ ದಿಕ್ಕಿಗೂ ಕೊಂಬು. ಗೋಡೆಯ ನಟ್ಟನಡುವೆ, ಕ್ಯಾಲೆಂಡರ್ ಇರುವ ಜಾಗದಲ್ಲೇ ಕೂರಿಸಬೇಕು, ಕಲ್ಲುಗಳ ಸಂದಿ ಅಲ್ಲಿ ಸಿಕ್ಕೀತು ಎಂದ.

ಇಲ್ಲಿ ನಮ್ಮ ಪ್ರೆಸ್ಸಿನ ಒಂದು ಪದ್ಧತಿ ಹೇಳಬೇಕು. ಪ್ರತಿ ವರ್ಷ ನಾವೊಂದು ಕ್ಯಾಲೆಂಡರ್ ಮಾಡುತ್ತೇವೆ. ಅದರಲ್ಲಿ ಅಮಾವಾಸ್ಯೆಯೂ ಇರುತ್ತದೆ, ರಂಜಾನೂ ಇರುತ್ತದೆ. ಚಿತ್ರ ಒಂದು ವರ್ಷ ಬಸವಣ್ಣನದು, ಒಂದು ವರ್ಷ ದರ್ಗಾದ್ದು, ಮತ್ತೊಂದು ವರ್ಷ ಲಕ್ಷ್ಮಿಯದು. ಅಬ್ಬಾ ಹಳೆಯದನ್ನು ತೆಗೆಯುವುದಿಲ್ಲ. ಗಿರಾಕಿಯ ದೇವರನ್ನು ಕಸಕ್ಕೆ ಹಾಕುವುದೇ, ನಮ್ಮ ದರ್ಗಾವನ್ನು ರದ್ದಿಗೆ ಕೊಡುವುದೇ? ಹಾಗಾಗಿ ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೂ ಹೊಸದು. ಅದೇ ಮೊಳೆ, ಅದೇ ಜಾಗ. ಗೋಡೆಯ ಮೇಲೆ ಕೌದಿಯಷ್ಟು ದಪ್ಪದ ಒಂದು ಕಂತೆ ಬೆಳೆದು ನಿಂತಿತ್ತು. ಸುಣ್ಣ ಬಳಿಯುವವರೂ ಅದರ ಸುತ್ತ ಬಳಿದು ಹೋಗುತ್ತಿದ್ದರು.

"ಜ್ವಾಕಿ, ಹರೀಬ್ಯಾಡ," ಎನ್ನುತ್ತ ಅಬ್ಬಾ ಕಂತೆಯನ್ನು ಎರಡೂ ಕೈಯಲ್ಲಿ ಮಗುವಿನಂತೆ ಇಳಿಸಿಕೊಂಡರು. ಹಿಂದೆ ಗೋಡೆಯಲ್ಲಿ ಒಂದು ಬಟ್ಟೆಯ ಉಂಡೆ ಸಿಕ್ಕಿಕೊಂಡಿತ್ತು. ವೀರೇಶ ಎಳೆದ. ಹಸಿರು ಅಂಚಿನ ಹಳೆಯ ಸೀರೆಯ ತುಂಡು, ಉದ್ದಕ್ಕೆ ಬರುತ್ತಲೇ ಇತ್ತು. ಅಬ್ಬಾ ಅದನ್ನು ಗುರುತು ಹಿಡಿದರು. "ಅಮ್ಮಾನ ಸೀರಿ," ಎಂದರು. ಅವರ ಅಮ್ಮ, ಅಂದರೆ ನಮ್ಮ ದಾದಿ.

ಸೀರೆ ಪೂರ್ತಿ ಬಂದಮೇಲೆ ಅದರ ಹಿಂದೆ ಇನ್ನೊಂದು ಬಂತು: ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಗೋಡೆಯಾಚೆ, ಮಷೀನಿನ ಕೋಣೆಗೆ ಅಂಟಿದ ಅಡುಗೆಮನೆಯಲ್ಲಿ ಅಮ್ಮಿ ಹಾಕಿದ ಒಗ್ಗರಣೆ! ನಾನು ಕಣ್ಣಿಟ್ಟು ನೋಡಿದೆ. ದಾದಾ ಹಗ್ಗಕ್ಕೆಂದು ಕೂರಿಸಿದ್ದ ಕಬ್ಬಿಣದ ಕೊಳವೆ, ಆ ತುದಿಯಲ್ಲಿ ಕಾಸಿನಗಲ ಬೆಳಕು. ಇಷ್ಟು ದಿನ ವೈಫೈ, ಕೋತಿ, ಕಾಂಪ್ಲೆಕ್ಸು ಎಂದು ಹೊಡೆದಾಡಿದ ನಮ್ಮ ತಲೆಯಿಂದ ಒಂದು ಗೇಣು ದೂರದಲ್ಲಿ, ನಾವೇ ಅಚ್ಚು ಹಾಕಿದ ದೇವರುಗಳ ಬೆನ್ನ ಹಿಂದೆ, ದಾರಿ ಇತ್ತು. ಹಗ್ಗವನ್ನು ನೋಡಿ ಬೆಳೆದ ನಮ್ಮಲ್ಲಿ, ಅದನ್ನು ಬಿಚ್ಚಿ ಮರೆತ ಅಬ್ಬಾ ಸೇರಿ, ಒಬ್ಬರಿಗೂ ಅದು ಗೋಡೆಯನ್ನು ಹೇಗೆ ದಾಟುತ್ತಿತ್ತು ಎಂಬ ಪ್ರಶ್ನೆ ಬಂದಿರಲಿಲ್ಲ. ನಾನು ಕೊಳವೆಗೆ ಬಾಯಿಟ್ಟು ಕೂಗಿದೆ.

"ಅಮ್ಮೀ!"

"ಯಾಕ ಒದರಾಕತ್ತೀ? ಇಲ್ಲೇ ಅದೀನಿ," ಎಂದಿತು ಗೋಡೆ.

ವೀರೇಶ ಕೊಂಬಿನ ಡಬ್ಬಿಯನ್ನು ತಾನಾಗಿಯೇ ರಟ್ಟಿನೊಳಗೆ ವಾಪಸ್ ಇಟ್ಟ. ಕೊಳವೆಯಲ್ಲಿ ನೀಲಿ ವಾಯರು ತೂರಿಸಿ, ಎರಡೂ ಕಡೆ ಸಡಿಲವಾಗಿ ಸುತ್ತು ಬಿಟ್ಟು, ತುದಿಗಳನ್ನು ಭದ್ರ ಮಾಡಿದ. "ಅಕ್ಕಾರ, ಇದು ಇನ್ನ ನಿಮ್ಮ ಗ್ವಾಡಿ ಇರೂ ತನಕ" ಎಂದ. ಗೋಡೆಯನ್ನು ಮತ್ತೊಮ್ಮೆ ಬಡಿದು ನೋಡಲು ಬೆರಳು ಎತ್ತಿದವನು ನೆನಪಾಗಿ ಇಳಿಸಿದ.

ರಫೀಕ್ ಭಾಯಿ ಸುಲಭಕ್ಕೆ ಒಪ್ಪುವವನಲ್ಲ. "ಎರಡ ದಿನ ನೋಡೂಣು" ಎಂದ. ಕಾಂಪ್ಲೆಕ್ಸಿನವರು ಕೇಳುತ್ತಲೇ ಇದ್ದರು. ಮರುದಿನ ಲಿಂಗಸುಗೂರಿನ ಆ ಲಗ್ನಪತ್ರಿಕೆಗಳನ್ನೇ ಮತ್ತೆ ಮಾಡಬೇಕಿತ್ತು. ಬಾಗಿಲು ಮುಚ್ಚಿ ಕಳಿಸು ಎಂದ. ಮುಚ್ಚಿಯೇ ಕಳಿಸಿದೆ. ಮಷೀನು ಓಡತೊಡಗಿತು. ಅವನು ಫೋನು ಕೈಯಲ್ಲಿ ಹಿಡಿದು ನನ್ನ ಪಕ್ಕದಲ್ಲಿ ಬಂದು ನಿಂತ. ಮುಂದಿನ ಕೋಣೆಯಿಂದ ಮಷೀನಿನ ಸದ್ದು ಸಣ್ಣಗೆ ಕೇಳುತ್ತದೆ. ಇಬ್ಬರೂ ಅದು ಯಾವಾಗ ನಿಂತೀತೋ ಎಂದು ಕೇಳಿಸಿಕೊಳ್ಳುತ್ತಿದ್ದೆವು. ಅವನ ಹಾರೈಕೆ ಏನಿತ್ತೋ, ನನ್ನದು ಅಲ್ಲಾಹನಿಗೆ ಗೊತ್ತು.

ಆ ಹೊತ್ತಿಗೆ ಸರಿಯಾಗಿ ಸಿದ್ದಪ್ಪ ಮಾಸ್ತರರು ಬಂದರು. ಈಗ ಕೈಯಲ್ಲಿ ಕೋಲು, ಕಣ್ಣಿಗೆ ದಪ್ಪ ಕನ್ನಡಕ. ಆದರೂ ವಾರಕ್ಕೊಮ್ಮೆ ಬಂದು, ಯಾರೂ ಕೇಳದಿದ್ದರೂ, ಟೇಬಲ್ಲಿನ ಮೇಲಿರುವುದನ್ನೆಲ್ಲ ತಿದ್ದಿ ಹೋಗುತ್ತಾರೆ. ತಮ್ಮ ಹಳೆಯ ಜಾಗದಲ್ಲಿ, ಗೋಡೆಗೆ ಆತು ಕುಳಿತರು. ಒಂದು ಕಾರ್ಡು ಎತ್ತಿಕೊಂಡರು. ಓದುತ್ತ ಓದುತ್ತ ಅವರ ಎಡಗೈ ಮೇಲೆ ಹೋಯಿತು. ಅಲ್ಲಿ, ಎಷ್ಟೋ ವರ್ಷಗಳಿಂದ ಬರೀ ಕ್ಯಾಲೆಂಡರ್ ಇದ್ದ ಜಾಗದಲ್ಲಿ, ಕೈಗೆ ಏನೋ ಸಿಕ್ಕಿತು. ಕೈ ಅದನ್ನು ಗುರುತಿಸಿತು. ಗಟ್ಟಿಯಾಗಿ ಜಗ್ಗಿತು.

"ಮಾಸ್ತರs!" ಎಂದು ನಾವಿಬ್ಬರೂ ಒಟ್ಟಿಗೆ ಚೀರಿದೆವು.

ಗೋಡೆಯಾಚೆ ಗಂಟೆ ಬಡಿಯಿತು. ಗಂಟೆ ಎಲ್ಲಿಂದ ಬಂತೆಂದು ಯೋಚಿಸುವ ಸ್ಥಿತಿಯಲ್ಲೂ ನಾನಿರಲಿಲ್ಲ. ಮಷೀನಿನ ಸದ್ದಿಗೆ ಕಿವಿಗೊಟ್ಟೆ. ಅದು ನಿಲ್ಲಲಿಲ್ಲ. ಒಂದು ಉಸಿರನ್ನೂ ತಪ್ಪಿಸಲಿಲ್ಲ. ಬಾಗಿಲಿನ ಗಾಳಿಗೇ ಸಾಯುತ್ತಿತ್ತಲ್ಲ ಆ ಡಬ್ಬಿಯ ಸಿಗ್ನಲ್ಲು. ಇದನ್ನು ಒಬ್ಬ ನಿವೃತ್ತ ಮಾಸ್ತರರು ಮೈಯೆಲ್ಲ ಶಕ್ತಿ ಹಾಕಿ ಜಗ್ಗಿದ್ದರು, ಮಷೀನು ಕಾರ್ಡಿನ ಮೇಲೆ ಕಾರ್ಡು ಹಾಕುತ್ತಲೇ ಇತ್ತು.

ಅಷ್ಟರಲ್ಲಿ ಅಮ್ಮಿ ಬಂದರು. ಕೈಯಲ್ಲಿ ಒಂದು ಕಪ್ ಚಹ.

"ಬೆಳಿಗ್ಗಿ ವಾಯರ್ ನೋಡಿದ್ನಿ," ಎಂದರು, ಯಾರೂ ಕೇಳದಿದ್ದರೂ. "ಅಟ್ಟದಾಗ ಅತ್ತೀದು ಗಂಟಿ ಇತ್ತು. ಬರೇ ವಾಯರ್ ಛಂದ ಕಾಣಲಿಲ್ಲ, ಕಟ್ಟಿದ್ನಿ." ಕಪ್ಪನ್ನು ಮಾಸ್ತರರ ಮುಂದೆ ಇಟ್ಟರು. "ಒಂದs ಸಲ ಜಗ್ಗೀರಿ, ಒಂದs ತಂದೀನಿ."

"ಅಯ್ಯ, ಯಾಕ ತ್ರಾಸ ತಗೊಂಡ್ರಿ," ಎಂದರು ಮಾಸ್ತರರು ತುಂಬ ಸಂಕೋಚದಿಂದ, ಮತ್ತು ಕಪ್ಪಿಗೆ ಕೈಹಾಕಿದರು.

ರಫೀಕ್ ಭಾಯಿ ಮಾಸ್ತರರನ್ನು ನೋಡಿದ, ಚಹವನ್ನು ನೋಡಿದ, ಬಾಗಿಲಿನತ್ತ ಕಿವಿಗೊಟ್ಟ. ಆಮೇಲೆ ನಿಧಾನವಾಗಿ ಗೋಡೆಯ ಹತ್ತಿರ ಹೋಗಿ ವಾಯರನ್ನು ಹಿಡಿದು ತಾನೂ ಜಗ್ಗಿದ. ಒಂದು ಸಲ. ಸ್ವಲ್ಪ ಯೋಚಿಸಿ ಇನ್ನೊಂದು ಸಲ. ಎರಡನೆಯದು ನನಗೆ. ಅಮ್ಮಿ "ಬಂದೆ, ಬಂದೆ" ಎಂದು ಒಳಗೆ ಹೋದರು. ಮಷೀನು ಓಡುತ್ತಲೇ ಇತ್ತು. ಅವನು ಬೀದಿಯತ್ತ ತಿರುಗಿ ಫೋನು ಹಚ್ಚಿದ.

"ಹಲೋ, ನಾ ರಫೀಕ್ರೀ. ಶಟರ್ ಬ್ಯಾಡ್ರೀ... ಇಲ್ರೀ ಇಲ್ರೀ, ಬಾಡಿಗಿ ಮಾತಲ್ಲ. ಜಾಗಾ ಸಣ್ಣದು. ನಮ್ಮ ತಂಗಿ ಕುರ್ಚಿ ಅದರಾಗ ಹಿಡಿಯಂಗಿಲ್ಲ."

ನಾನು ತಲೆ ಎತ್ತಲಿಲ್ಲ. ಎತ್ತಿದ್ದರೆ ಕಣ್ಣು ತೋರಿಸಬೇಕಾಗುತ್ತಿತ್ತು, ಈ ಸಲ ಉಳ್ಳಾಗಡ್ಡಿಯ ನೆಪವೂ ಇರಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡೆ. ಬೀದಿ ಚೆನ್ನಾಗಿ ಕಾಣುತ್ತಿತ್ತು. ಮುಂದಿನ ಫೈಲು ಕಳಿಸಿ, ಹಿಂದಿನ ಕೋಣೆಗೆ ಹೋಗಿ ಟ್ರೇಯ ಮೇಲಿನ ಕಾರ್ಡು ಎತ್ತಿ ನೋಡಿದೆ. ಮೇಲೆ ದೇವರು, ಕೆಳಗೆ ಮದುಮಗಳು, ಅವಳ ಹೆಸರಿನ ಕೆಳಗೇ ತನ್ನ ತಂದೆತಾಯಿ, ಊರು, ಮನೆತನದ ಸಮೇತ ವರ ಪೂರ್ತಿಯಾಗಿ ಬಂದು ನಿಂತಿದ್ದ.